ಹುಲ್ಲಿನ ಮಗ

"ಯಾರಿಗವ್ವ ಆ ತಾಟು?"

ಹೆಗಲ ಚೀಲ ಇಳಿಸುವ ಮೊದಲೇ ಕಸ್ತೂರೆಮ್ಮ ಹೊಸ್ತಿಲಲ್ಲಿ ನಿಂತು ಕೇಳಿದಳು. ಕುಕನೂರು ಕಡೆಯ ತಮ್ಮನ ಊರಿನಿಂದ ಹೊರಟು, ಬಸ್ಸು ಬದಲಿಸುತ್ತ, ಶ್ರೀರಾಮನಗರದಿಂದ ಕಾಲುವೆ ಬದಿಯ ತಮ್ಮ ಹಳ್ಳಿ, ಕ್ಯಾಂಪಿನ ತನಕ ಸುಡು ಬಿಸಿಲಲ್ಲಿ ನಡೆದು ಬಂದವಳಿಗೆ ನೀರು ಕೇಳುವುದೂ ಮರೆತುಹೋಗಿತ್ತು. ಒಳಗೆ ಸೊಸೆ ಗಾಳೆಮ್ಮ ಊಟಕ್ಕೆ ಕೂತಿದ್ದಳು. ಅವಳ ಮುಂದೆ ಒಂದು ತಾಟು, ಎದುರಿಗೆ ಮಡಚಿ ಹಾಸಿದ ಗೋಣಿತಟ್ಟು, ಅದರ ಮುಂದೆ ಇನ್ನೊಂದು ತಾಟು. ಆ ತಾಟಿನಲ್ಲಿ ಬಿಸಿ ಅನ್ನ, ಪುಂಡಿಪಲ್ಲೆ, ಬದಿಗೆ ಜಜ್ಜಿದ ಉಳ್ಳಾಗಡ್ಡಿ.

"ಇವ್ರಿಗ್ರಿ, ಅತ್ತಿ."

"ಇವ್ರು ಅಂದ್ರ?"

"ನಿಮ್ಮ ಮಗ."

ಕಸ್ತೂರೆಮ್ಮ ಚೀಲ ಕೆಳಗಿಟ್ಟಳು. ಸೊಸೆಯ ಮುಖ ನೋಡಿದಳು, ಗೋಣಿತಟ್ಟು ನೋಡಿದಳು, ಅದರ ಮೇಲೆ ಯಾರೂ ಇಲ್ಲದಿರುವುದನ್ನು ತುಸು ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, "ನಾ ಊರಾಗ ಇಲ್ಲದಾಗ ನಿನಗ ತಲಿ ಕೆಟ್ಟೈತಿ," ಎಂದಳು. ಅದು ಬೈಗುಳದಂತೆ ಹೊರಡಬೇಕಿತ್ತು. ಹೊರಟಿದ್ದು ಮಾತ್ರ ಹೆದರಿಕೆಯ ದನಿಯಲ್ಲಿ.

ಗಾಳೆಮ್ಮನ ಗಂಡ ನಾಗೇಶ ಟ್ರ್ಯಾಕ್ಟರ್ ಹೊಡೆಯುವವ. ಗದ್ದೆಯಲ್ಲಿ ಕಬ್ಬಿಣದ ಗಾಲಿ ಹಾಕಿಕೊಂಡು ದಿನವಿಡೀ ಕೆಸರು ತುಳಿಸಿ, ಸಂಜೆ ತಾನೂ ಒಂದು ಕೆಸರಿನ ಮುದ್ದೆಯಾಗಿ, ಕಾಲುವೆಯ ಮೆಟ್ಟಿಲಲ್ಲಿ ಮಿಂದೇ ಮನೆಗೆ ಬರುವುದು ಅವನ ರೂಢಿ. ಸಂಕ್ರಾಂತಿ ಕಳೆದು ಎರಡನೇ ಬೆಳೆಯ ನಾಟಿಯ ಗದ್ದಲದಲ್ಲಿದ್ದಾಗ ಒಂದು ಸಂಜೆ ಅವನು ಬರಲಿಲ್ಲ. ಸೇತುವೆಯ ಹತ್ತಿರ ಅವನ ಮೋಟರ್ ಸೈಕಲ್ ನಿಂತಿತ್ತು. ಕೀಲಿ ಅದರಲ್ಲೇ ಇತ್ತು. ಮೆಟ್ಟಿಲ ಮೇಲೆ ಚಪ್ಪಲಿ ಜೋಡಿಯಾಗಿದ್ದವು, ಟವೆಲು ಮಡಿಕೆ ಬಿಚ್ಚದೆ ಕೂತಿತ್ತು. ಫೋನು ಮಾತ್ರ ಸಿಗಲಿಲ್ಲ. ಪೊಲೀಸರು ಬಂದರು, ಮೀನು ಹಿಡಿಯುವವರು ಕೊಕ್ಕೆ ಹಾಕಿ ಜಾಲಾಡಿದರು. ತುಂಬಿ ಹರಿಯುವ ಕಾಲುವೆ, ಕಾರಟಗಿ ದಾಟಿ ಎಲ್ಲೆಲ್ಲಿಗೋ ಹೋಗುವಂಥದ್ದು, ಯಾರ ಮಾತಿಗೂ ಜವಾಬು ಕೊಡಲಿಲ್ಲ.

ಬೇಸಿಗೆಗೆ ಕಾಲುವೆಯ ನೀರು ನಿಲ್ಲಿಸಿದಾಗ ಅತ್ತೆ ಸೊಸೆ ಇಬ್ಬರೂ ಅದರ ತಳದಲ್ಲಿ ನಡೆದರು. ಹರಿಯುವಾಗ ಎಷ್ಟು ಸದ್ದು ಮಾಡುತ್ತಿತ್ತೋ ನಿಂತ ಮೇಲೆ ಅಷ್ಟೇ ಮೌನವಾದ ಜಾಗ ಅದು. ಎರಡೂ ಬದಿಗೆ ಗೋಡೆಯಂಥ ಏರಿ, ಮೇಲೆ ಸೀಳಿನಂಥ ಆಕಾಶ. ಒಡೆದ ದೇವರ ಪಟಗಳು ಸಿಕ್ಕವು, ಬಳೆ ಚೂರು ಸಿಕ್ಕವು, ಒಂದು ಎಮ್ಮೆಯ ತಲೆಬುರುಡೆ ಸಿಕ್ಕಿತು. ನಾಗೇಶ ಸಿಗಲಿಲ್ಲ. ಸಿಗಲಿಲ್ಲವೆಂದರೆ ಇನ್ನು ಇಲ್ಲ ಎಂದು ಕಸ್ತೂರೆಮ್ಮ ಮುಂದಿನ ಶಾಸ್ತ್ರವೇನೆಂದು ತಮ್ಮನ ಊರಿನ ಹಿರಿಯರನ್ನು ಕೇಳಲು ಹೋದಳು. ಸಿಗಲಿಲ್ಲವೆಂದರೆ ಇದ್ದಾನೆ ಎಂದು ಗಾಳೆಮ್ಮ ಪ್ರಾರ್ಥನಾ ಮಂದಿರಕ್ಕೆ ಹೋದಳು.

ಗಾಳೆಮ್ಮ ಯೇಸುವನ್ನು ನಂಬಿದ್ದು ನಿನ್ನೆ ಮೊನ್ನೆಯಲ್ಲ. ಎರಡು ಸಲ ಬಸುರು ನಿಲ್ಲದೆ, ಮಾತೇ ಬಿಟ್ಟು ಕೂತಿದ್ದ ಕಾಲದಲ್ಲಿ, ನಾಟಿ ಹಚ್ಚುವ ಹೆಂಗಸರು ಕೈಹಿಡಿದು ಅವಳನ್ನು ಆ ತಗಡಿನ ಮಂದಿರಕ್ಕೆ ಕರೆದೊಯ್ದಿದ್ದರು. ಅಲ್ಲಿ ಯಾರೂ ಅವಳಿಗೆ ಮಗುವಾಗುತ್ತದೆ ಎನ್ನಲಿಲ್ಲ. ಅತ್ತರೆ ಅಳಲು ಬಿಟ್ಟರು, ಅಷ್ಟೇ. ಮಗು ಆಗಲಿಲ್ಲ, ಮಾತು ಮಾತ್ರ ಬಂತು. ಮುಂದೆ ಒಂದು ಭಾನುವಾರ, ಇದೇ ಕಾಲುವೆಯ ಇದೇ ಮೆಟ್ಟಿಲಲ್ಲಿ, ಬಿಳಿ ಸೀರೆ ಉಟ್ಟು ನೀರಿನಲ್ಲಿ ಮುಳುಗಿ ಎದ್ದಳು. ನಾಗೇಶ ದಂಡೆಯ ಮೇಲೆ ಟವೆಲು ಹಿಡಿದು ನಿಂತು ನಗುತ್ತಿದ್ದ. "ಥಂಡಿ ಹತ್ತಿ ಸತ್ತೀಯಲೇ, ನಿಮ್ಮ ದೇವರಿಗೆ ಬಿಸಿನೀರು ಸಿಗಲಿಲ್ಲೇನು?" ಎಂದಿದ್ದ. ಆ ನೀರಿನಲ್ಲಿ ಮುಳುಗಿದವರು ಏಳುತ್ತಾರೆ ಎಂಬುದು ಅವಳ ಮೈಗೆ ಗೊತ್ತಿದ್ದ ಸಂಗತಿ. ಗಂಡನೂ ಹಾಗೆಯೇ ಎದ್ದು ಬರುತ್ತಾನೆ ಎಂಬ, ಬೇರೆ ಯಾರೂ ಮಾಡದ ತಪ್ಪನ್ನು ಅವಳು ಮಾಡಿದ್ದು ಇಲ್ಲಿಯೇ.

ಪಾಸ್ಟರ್ ಹಾಲೇಶ ವಾರವೆಲ್ಲ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತು ಭಾನುವಾರ ವಾಕ್ಯ ಹೇಳುವ ಮನುಷ್ಯ. ದೇವರನ್ನು ಬದಲಿಸಿದ್ದ, ಹೆಸರನ್ನು ಬದಲಿಸಲು ಮಾತ್ರ ಪುರುಸೊತ್ತಾಗಿರಲಿಲ್ಲ. ಬೇಡಿದ್ದು ಕೈಸೇರುವ ಮೊದಲೇ ಸೇರಿತೆಂದು ಎದ್ದು ನಿಂತು ಸಾಕ್ಷಿ ಹೇಳುವುದೇ ನಂಬಿಕೆ ಎಂದು ಅವನು ಕಲಿಸಿದ್ದ. ಜ್ವರ ಇರುವಾಗಲೇ ವಾಸಿಯಾಯಿತು ಎನ್ನುವವರು, ನೌಕರಿಗೆ ಅರ್ಜಿ ಹಾಕಿದ ದಿನವೇ ಸ್ತೋತ್ರ ಹೇಳುವವರು ಆ ಮಂದಿರದಲ್ಲಿ ಬೇಕಾದಷ್ಟಿದ್ದರು. ಕಾಲುವೆಯ ತಳ ನಡೆದು ಬಂದ ಭಾನುವಾರ ಗಾಳೆಮ್ಮ ಎದ್ದು ನಿಂತಳು. ಬರುತ್ತಾರೆ ಎನ್ನಬೇಕೆಂದಿದ್ದಳು. ಬಾಯಿಂದ ಬಂದದ್ದು ಬೇರೆ.

"ನನ್ನ ಗಂಡ ಬಂದಾರ್ರಿ. ಮನಿಯಾಗ ಅದಾರ."

ಮುಂದಿನ ಸಾಲಿನವರು ತಿರುಗಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ "ಸ್ತೋತ್ರ" ಎಂದರು. ಕೆಲವರು ಅತ್ತರು. ಹಾಲೇಶನೂ ಕಣ್ಣು ಮುಚ್ಚಿ ಕೈ ಎತ್ತಿದ. ದೇವರ ಮುಂದೆ ಆಡಿದ ಮಾತು ಉಗುಳಿದ ಎಲೆಯಡಿಕೆಯಲ್ಲ, ಮಣ್ಣು ಮುಚ್ಚಿ ಹೋಗಲು ಬರುವುದಿಲ್ಲ. ಅಂದಿನಿಂದ ಗಾಳೆಮ್ಮ ತನ್ನ ಮಾತನ್ನು ನಿಜ ಮಾಡುವ ಕೆಲಸಕ್ಕೆ ಬಿದ್ದಳು. ಮಧ್ಯಾಹ್ನ ಎರಡು ತಾಟು ಇಟ್ಟಳು. ನಾಗೇಶನ ಅಂಗಿಗಳನ್ನು ಒಗೆದು ಹಗ್ಗಕ್ಕೆ ಹಾಕಿದಳು, ಒಣಗಿದ ಮೇಲೆ ಮಡಚಿಟ್ಟಳು, ಮತ್ತೆ ಒಗೆದಳು. ಸಂಜೆ ಅವನ ತಾಟಿನ ತಣ್ಣನೆಯ ಅನ್ನವನ್ನು ತಾನೇ ಉಂಡಳು. ಮೊದಮೊದಲು ಅದರಲ್ಲಿ ನೆಮ್ಮದಿ ಇತ್ತು, ಸುಳ್ಳು ಯಾಕೆ ಹೇಳಬೇಕು. ಎದುರಿಗೆ ಯಾರೋ ಕೂತಿದ್ದಾರೆ ಎಂದುಕೊಂಡರೆ ತುತ್ತು ಗಂಟಲಲ್ಲಿ ಇಳಿಯುತ್ತಿತ್ತು. ಆದರೆ ದಿನ ಕಳೆದಂತೆ ಒಂದು ವಿಷಯ ಅವಳ ಗಮನಕ್ಕೆ ಬಂತು. ಸಕ್ಕರೆ ಡಬ್ಬಿಯ ಮುಚ್ಚಳ ತೆರೆದರೆ ಸಾಲುಗಟ್ಟುವ ಇರುವೆಗಳು ಮಧ್ಯಾಹ್ನದಿಂದ ಸಂಜೆಯವರೆಗೆ ತೆರೆದಿಟ್ಟ ಆ ತಾಟಿನ ಹತ್ತಿರ ಸುಳಿಯುತ್ತಿರಲಿಲ್ಲ. ಒಂದು ನೊಣವೂ ಕೂರುತ್ತಿರಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಅತ್ತೆ ಬಂದ ಮರುದಿನವೇ ಸೇತುವೆಯ ಬಳಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಖಲಂದರ ಬಂದು ಅಂಗಳದಲ್ಲಿ ನಿಂತ. ಒಳಗೆ ಕರೆದರೆ ಬರಲಿಲ್ಲ. ಚಹಾ ಕೊಟ್ಟರೆ ಮುಟ್ಟಲಿಲ್ಲ. ನಾಗೇಶನ ಜೊತೆ ವರ್ಷಗಟ್ಟಲೆ ಬೀಡಿ ಹಂಚಿಕೊಂಡಿದ್ದವ, ಈಗ ಅವನ ಮನೆಯ ಬಾಗಿಲಿಗೆ ಮುಖ ಕೊಡದೆ ಮಾತಾಡಿದ.

"ಅಕ್ಕಾ, ಮುಂಜಾನಿ ನಾಗೇಶಣ್ಣ ಅಂಗಡಿಗೆ ಬಂದಿದ್ದ. ನಾ ಟ್ಯೂಬಿಗೆ ತೇಪಿ ಹಚ್ಚಾಕತ್ತಿದ್ದೆ, ತಲಿ ಎತ್ತಲಿಲ್ಲ. ‘ಗಾಳಿ ನೋಡಲೇ’ ಅಂದ. ಅದ ಧ್ವನಿ. ‘ತಡೀಪಾ’ ಅಂದೆ. ಪೈಪ್ ಹಿಡಕೊಂಡು ತಿರುಗಿದ್ರ ಗಾಡೀನೂ ಇಲ್ಲ, ಅಂವನೂ ಇಲ್ಲ. ಆಮ್ಯಾಲ ನೆನಪಾತು ನನಗ, ಅಂವ..." ಖಲಂದರನ ಕೈ ರಟ್ಟೆಗೆ ಹೋಯಿತು. ಅಲ್ಲಿ ಹೊಸ ತಾಯಿತ ಕಟ್ಟಿತ್ತು. "ನೀವು ಬಂದಾನ ಅಂತ ಹೇಳೀರಂತಲ್ಲ. ಖರೇ ಏನ್ರಿ ಅಕ್ಕಾ? ಖರೇ ಇದ್ರ ನನಗ ಹೇಳಿಬಿಡ್ರಿ, ಅಂಜಿಕಿ ಹೋಕ್ಕೈತಿ."

ಗಾಳೆಮ್ಮ ಬಾಯಿ ತೆರೆದಳು. ಸಂತೋಷ ಆಗಬೇಕಿತ್ತು. ತಿಂಗಳುಗಟ್ಟಲೆ ಮೊಣಕಾಲು ಊರಿ ಬೇಡಿದ್ದಕ್ಕೆ ಮೊದಲ ಜವಾಬು ಬಂದಿತ್ತು. ಅವಳು ಮಾತ್ರ ತಿರುಗಿ ಒಳಗಿನ ಗೋಣಿತಟ್ಟಿನ ಕಡೆ ನೋಡಿದಳು. ಬರಲಿ ಎಂದು ಕರೆದದ್ದು ನಾನು, ಬಂದದ್ದು ಯಾರು ಎಂಬ ಪ್ರಶ್ನೆ ಮೂಡಿ, ಅದನ್ನು ಕೇಳಿಕೊಂಡದ್ದಕ್ಕೇ ನಾಚಿದಳು.

"ನೋಡಿದಿಲ್ಲ?" ಎಂದಳು ಕಸ್ತೂರೆಮ್ಮ, ಖಲಂದರ ಹೋದ ಮೇಲೆ. "ನನ್ನ ಮಗ ತಿರುಗಾಡಾಕತ್ಯಾನ. ಮನಿಗೂ ಬರಾಕ ಆಗವಲ್ದು, ಮಸಣಕ್ಕೂ ಹೋಗಾಕ ಆಗವಲ್ದು. ನೀ ದಿನಾ ಉಣ್ಣಾಕ ಕರೀತಿ. ಅಂವ ಹೋಗೂದರ ಹೆಂಗ?"

"ಹಂಗ ಅನಬ್ಯಾಡ್ರಿ ಅತ್ತಿ."

"ಅಮಾಸಿ ದಿನ ನನ್ನ ತಮ್ಮ ಕಳಕಪ್ಪ ಬರ್ತಾನ. ನಮ್ಮ ಕಡೆ ಹೆಣ ಸಿಗಲಿಲ್ಲ ಅಂದ್ರ ಜ್ವಾಳದ ಒಣದಂಟಿನ ಕಣಕೀಲೆ ಮನಷ್ಯಾನ್ನ ಮಾಡಿ, ಅಂವನ ಅರಿವಿ ತೊಡಿಸಿ, ಮಣ್ಣು ಕೊಡ್ತಾರ. ಅಂವಂದು ಒಂದು ಅಂಗಿ ಕೊಡು."

"ಕೊಡಂಗಿಲ್ರಿ," ಎಂದಳು ಗಾಳೆಮ್ಮ. "ಅಂಗಿ ಕೊಟ್ರ ಸತ್ತಾರ ಅಂತ ನಾನ ಹೇಳಿದಂಗ ಆತು. ದೇವರ ಮುಂದ ಒಂದು ಹೇಳಿ, ನಿಮ್ಮ ಮುಂದ ಒಂದು ಹೇಳಲಿ?"

ಅಂದು ಸಂಜೆ ಅವಳು ಮಿಲ್ಲಿನ ಗೇಟಿನ ಹತ್ತಿರ ಹಾಲೇಶನನ್ನು ಕಾದು ಹಿಡಿದಳು. ಭತ್ತದ ದೂಳಿನಲ್ಲಿ ಅವನ ಹುಬ್ಬು ಕೂಡ ಬೆಳ್ಳಗಾಗಿತ್ತು. ಖಲಂದರನ ಸುದ್ದಿ ಅವನ ಕಿವಿಗೂ ಬಿದ್ದಿರುವುದು ಅವನ ಕಣ್ಣಿನಲ್ಲೇ ಕಾಣುತ್ತಿತ್ತು. ಇಬ್ಬರೂ ಗೋಡೆಯ ನೆರಳಿಗೆ ನಿಂತರು.

"ಪಾಸ್ಟರಯ್ಯಾ, ನಾ ಹೇಳಿದ ಸಾಕ್ಷಿ ಖರೇನೋ ಸುಳ್ಳೋ?"

ಹಾಲೇಶ ಅಂಗೈಯಿಂದ ಹುಬ್ಬಿನ ದೂಳು ಒರೆಸಿಕೊಂಡ. ಮಂದಿರದಲ್ಲಿ ಅವನ ಬಾಯಿಗೆ ಮಾತು ಹುಡುಕುವ ಕಷ್ಟವೇ ಇರುತ್ತಿರಲಿಲ್ಲ. "ತಂಗೆವ್ವ, ನಾ ಮೂಟಿ ಹೊರಾವ," ಎಂದ ಕೊನೆಗೆ. "ನಂಬಿಕಿ ಅಂದ್ರ ಹೊತ್ಕೊಂಡು ನಿಲ್ಲೂದು ಅಂತ ತಿಳ್ಕೊಂಡೇನಿ. ಬೆನ್ನು ಬಾಗಿದ್ರೂ ನಿಲ್ಲೂದು. ಅದನ್ನ ಇಳಸೂದು ಹೆಂಗ ಅಂತ ನನಗ ಯಾರೂ ಕಲಿಸಿಲ್ಲ. ನಿನಗ ಏನಂತ ಹೇಳ್ಲಿ?"

"ಹಂಗಾದ್ರ ಹೊತ್ಕೊಂಡ ಇರ್ಲೇನ್ರಿ?"

"ನಾ ಅಮಾಸಿ ದಿನ ಬರ್ತೀನಿ. ಅವರು ಏನರ ಮಾಡ್ಲಿ, ನಾನೂ ನಿನ್ನ ಬಾಜೂ ನಿಂದ್ರತೀನಿ." ಅದಕ್ಕಿಂತ ಹೆಚ್ಚಿನದೇನೂ ಅವನ ಹತ್ತಿರ ಇರಲಿಲ್ಲ. ಇದ್ದಷ್ಟನ್ನು ಕೊಟ್ಟ.

ಅಮಾವಾಸ್ಯೆಗೆ ಮುಂಚಿನ ದಿನಗಳಲ್ಲಿ ಅಕಾಲದ ಮಳೆ ಬಂದು ಹೋಯಿತು. ಕಟಾವು ಮಷಿನ್ ಓಡಾಡಿದ ಗದ್ದೆಗಳಲ್ಲಿ ಭತ್ತದ ಹುಲ್ಲು ಸಾಲು ಸಾಲಾಗಿ ನೆನೆದು ಬಿದ್ದಿತ್ತು. ಕಸ್ತೂರೆಮ್ಮನ ತಮ್ಮ ಕಳಕಪ್ಪ ಎರಡು ದಿನ ಮೊದಲೇ ಬಂದಿಳಿದ. ಎರೆಹೊಲದ ಮನುಷ್ಯ, ಮಿತಭಾಷಿ, ಅಕ್ಕನ ಮಾತಿಗೆ ಎದುರಾಡಿ ಗೊತ್ತಿಲ್ಲದವ. ಜೋಳದ ಕಣಕಿಗೆಂದು ಕ್ಯಾಂಪೆಲ್ಲ ಹುಡುಕಿ ಬರಿಗೈಯಲ್ಲಿ ಬಂದು, "ಇಲ್ಲೇನು ಬರೇ ನೆಲ್ಲು, ನೆಲ್ಲು," ಎಂದು ಗೊಣಗಿದ. ಕಡೆಗೆ ಹತ್ತಿರದ ಗದ್ದೆಯ ಹುಲ್ಲನ್ನೇ ಹೊರೆ ಕಟ್ಟಿ ತಂದ. ಗಾಳೆಮ್ಮ ಅದನ್ನು ನೋಡಿಯೂ ನೋಡದವಳಂತೆ ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ವಾಪಸು ಬಂದಳು. ಓಣಿಯಲ್ಲಿ ಯಾರೂ ಇರಲಿಲ್ಲ. ನಾಯಿಗಳು ಕೂಡ ಇರಲಿಲ್ಲ. ತಿರುವಿನಲ್ಲಿ ಮನೆ ಕಂಡಿತು, ಮನೆಯ ಕಟ್ಟೆ ಕಂಡಿತು. ಕಟ್ಟೆಯ ಮೇಲೆ ಗೋಡೆಗೆ ಮಗ್ಗುಲು ಒರಗಿಸಿ, ಬೆನ್ನು ಈ ಕಡೆ ಮಾಡಿ, ನೀಲಿ ಚೌಕಳಿ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿಕೊಂಡು ನಾಗೇಶ ಕೂತಿದ್ದ.

ಒಂದು ಭುಜ ತುಸು ಕೆಳಗೆ ವಾಲಿತ್ತು. ದಿನವೆಲ್ಲ ಸ್ಟೇರಿಂಗ್ ಹಿಡಿದು ದಣಿದಾಗ ಅವನು ಹಾಗೆಯೇ ವಾಲುತ್ತಿದ್ದ.

ಬಾ ಎಂದು ಬೇಡಿದವಳು ಓಡಿಹೋಗಿ ಅಪ್ಪಿಕೊಳ್ಳಬೇಕಿತ್ತು. ಗಾಳೆಮ್ಮನ ಕಾಲು ಹಿಂದಕ್ಕೆ ಸರಿದವು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಬುತ್ತಿಡಬ್ಬಿ ಕೈಯಿಂದ ಜಾರಿ ಬಿದ್ದು ಉರುಳಿತು. ಆ ಸದ್ದಿಗೆ ಅವನು ತಿರುಗಿಯಾನು ಎಂದು ಅಂಜಿದಳು. ತಿರುಗಬೇಡ, ತಿರುಗಬೇಡ, ಎಂದಿತು ಒಳಗಿನ ದನಿ. ಅವನು ತಿರುಗಲಿಲ್ಲ. ಅಂಗಿಯ ತೋಳಿನ ತುದಿಯಿಂದ ಹುಲ್ಲಿನ ಎಳೆಗಳು ಹೊರಚಾಚಿದ್ದು ಆಗ ಕಂಡಿತು. ಹಗ್ಗದ ಮೇಲೆ ಒಣಹಾಕಿ ಹೋಗಿದ್ದ ಅಂಗಿ ಅದು.

ಗಾಳೆಮ್ಮ ಅಲ್ಲಿಯೇ, ದಾರಿಯ ಹಸಿ ಮಣ್ಣಿನಲ್ಲಿ, ಕುಕ್ಕುರುಗಾಲಲ್ಲಿ ಕೂತಳು. ಹೆದರಿಕೆಗಿಂತ ದೊಡ್ಡದೊಂದು ಸಂಗತಿ ಅವಳಿಗೆ ತಿಳಿದುಹೋಗಿತ್ತು. ಬದುಕಿದ ಗಂಡನನ್ನು ಕಂಡು ಯಾವ ಹೆಂಡತಿಯೂ ಹೀಗೆ ಹಿಂದೆ ಸರಿಯುವುದಿಲ್ಲ. ಅವಳ ಬಾಯಿ ಇಷ್ಟು ದಿನ ಒಂದು ಹೇಳುತ್ತಿತ್ತು, ಕಾಲು ಇನ್ನೊಂದು ತಿಳಿದುಕೊಂಡಿದ್ದವು. ಕರ್ತನೇ ಎಂದು ಬಾಯಿ ತೆರೆದಳು. ಮುಂದೆ ಏನು ಬೇಡಬೇಕೋ ಹೊಳೆಯಲಿಲ್ಲ. ಅಂಗಿಯನ್ನು ಬಿಚ್ಚಿಕೊಳ್ಳಲೂ ಇಲ್ಲ, ಅತ್ತೆಯ ಜೊತೆ ಜಗಳವಾಡಲೂ ಇಲ್ಲ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಅಮಾವಾಸ್ಯೆಯ ಬೆಳಗ್ಗೆ ಅವಳನ್ನು ಎಬ್ಬಿಸಿದ್ದು ಜೋಗುಳ. ಯಾರೋ ಮೆಲ್ಲನೆ, ಮಗುವನ್ನು ತೂಗುವವರ ಹಾಗೆ ಗುನುಗುತ್ತಿದ್ದರು. ಹೊರಗೆ ಬಂದಳು. ಮಳೆಯ ನಂತರದ ತಂಪು ಗಾಳಿ, ಸೂರ್ಯ ಇನ್ನೂ ಮಿಲ್ಲಿನ ಚಿಮಣಿಯ ಹಿಂದೆ ಇದ್ದ. ಕಟ್ಟೆಯ ಮೇಲೆ ಕಸ್ತೂರೆಮ್ಮ ಕೂತು ಹುಲ್ಲಿನ ಮನುಷ್ಯನನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡಿದ್ದಳು. ಅವಳ ಒಂದು ಕೈ ಅಂಗಿಯ ಗುಂಡಿಗಳ ನಡುವೆ ಒಳಗೆ ಹೋಗಿತ್ತು. ಕಾಲರಿನ ಒಳಗಿನಿಂದ, ಕುತ್ತಿಗೆ ಇರಬೇಕಾದ ಕಡೆಯಿಂದ, ತೆಳ್ಳನೆಯ ಹಬೆ ಎದ್ದು ತಂಪು ಗಾಳಿಯಲ್ಲಿ ಕರಗುತ್ತಿತ್ತು. ನಿಂತು, ಮತ್ತೆ ಏಳುತ್ತಿತ್ತು. ಉಸಿರಾಡುವವರ ಬಾಯಿಯಿಂದ ಚಳಿಗಾಲದಲ್ಲಿ ಬರುವಂಥ ಹಬೆ.

ಕಳಕಪ್ಪ ದೂರದಲ್ಲಿ, ಬೇವಿನ ಮರಕ್ಕೆ ಬೆನ್ನು ಹಚ್ಚಿ, ಕೈ ಮುಗಿದು ನಿಂತಿದ್ದ.

"ಗಾಳವ್ವ, ಬಾ ಇಲ್ಲೆ," ಎಂದಳು ಕಸ್ತೂರೆಮ್ಮ. ಅವಳ ಮುಖದಲ್ಲಿ ಅಂಥ ಬೆಳಕನ್ನು ಸೊಸೆ ಎಂದೂ ಕಂಡಿರಲಿಲ್ಲ. "ಮುಟ್ಟಿ ನೋಡು. ಬೆಚ್ಚಗದಾನ. ಮುಂಜಾನಿ ಎದ್ದು ಎತ್ತಾಕ ಹೋದ್ರ ಮೈಯಾಗ ಕಾವು ಐತಿ. ಬೆವರಾಕತ್ಯಾನ ನೋಡು, ಅಂಗಿ ಹಸಿ ಆಗೇತಿ. ಸತ್ತವರು ಬೆವರ್ತಾರೇನು?"

"ಅತ್ತಿ..."

"ನೀನ ಖರೇ ಇದ್ದಿ. ನಾ ಹುಚ್ಚಿ, ಮಗನ್ನ ಹುಗಿಯಾಕ ಹೊಂಟಿದ್ದೆ. ನಿನ್ನ ಯೇಸಪ್ಪ ದೊಡ್ಡಾಂವ. ಇಂವನ್ನ ಒಳಗ ಒಯ್ಯೂಣು. ಉಣ್ಣಾಕ ಇಡು. ನಾಳಿಂದ ನಾನೂ ನಿನ್ನ ಜೋಡಿ ಗುಡಿಗೆ ಬರ್ತೀನಿ, ನಾನೂ ಎದ್ದು ನಿಂತು ಹೇಳ್ತೀನಿ, ಬಂದಾನ ಅಂತ."

ಅಷ್ಟರಲ್ಲಿ ಹಾಲೇಶ ಬಂದ. ಕೊಟ್ಟ ಮಾತಿಗೆ ತಪ್ಪದೆ ಮಿಲ್ಲಿಗೆ ರಜೆ ಹಾಕಿ, ಒಗೆದ ಬಿಳಿ ಅಂಗಿ ತೊಟ್ಟು ಬಂದಿದ್ದ. ಹಬೆಯನ್ನು ಕಂಡು ಅವನೂ ನಿಂತುಬಿಟ್ಟ. ಆಮೇಲೆ ಹತ್ತಿರ ಬಂದು, ಕಸ್ತೂರೆಮ್ಮನ ಅನುಮತಿ ಕೇಳುವವನಂತೆ ನೋಡಿ, ಹುಲ್ಲಿನ ಎದೆಯ ಮೇಲೆ ಅಂಗೈ ಇಟ್ಟ. ಗಾಳೆಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ಕೈ ಅಲ್ಲಿ ಇದ್ದದ್ದು ಸ್ವಲ್ಪವೇ ಹೊತ್ತು. ಒದ್ದೆ ಭತ್ತದ ಮೂಟೆಗಳನ್ನು ಜೀವಮಾನವಿಡೀ ಬೆನ್ನಿಗೆ ಹೊತ್ತ ಮನುಷ್ಯ ಅವನು. ಕೈ ತೆಗೆದು ಗಾಳೆಮ್ಮನ ಕಡೆ ನೋಡಿದ. ಹೇಳು ಎನ್ನಲಿಲ್ಲ, ಹೇಳಬೇಡ ಎನ್ನಲಿಲ್ಲ. ಅವಳ ಪಕ್ಕಕ್ಕೆ ಬಂದು ನಿಂತ, ಅಷ್ಟೇ.

ಗಾಳೆಮ್ಮ ಮಂಡಿಯೂರಿ ಅಂಗಿಯೊಳಗೆ ಕೈ ಹಾಕಿದಳು. ಬೆಚ್ಚಗಿತ್ತು. ಮೇಲಿನ ಪದರ ದಾಟಿ ಬೆರಳು ಒಳಗೆ ಹೋದಂತೆ ಕಾವು ಹೆಚ್ಚಾಯಿತು. ಜ್ವರ ಬಂದ ಮೈಯ ಕಾವು, ಬಿಸಿಲಲ್ಲಿ ದುಡಿದು ಬಂದ ಬೆನ್ನಿನ ಕಾವು. ಬಗಲಲ್ಲಿ ಮಲಗಿದ ಗಂಡಸಿನ ಮೈ ಹೇಗಿರುತ್ತದೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು, ಈಗ ಅಂಗೈಗೆ ಎಲ್ಲ ನೆನಪಾಯಿತು. ಇಷ್ಟೇ ಸಾಕಲ್ಲ ಎನಿಸಿತು. ಒಂದು ಸಲ ಸ್ತೋತ್ರ ಎಂದರೆ ಮುಗಿಯಿತು. ಅವಳ ಸಾಕ್ಷಿ ನಿಜವಾಗುತ್ತದೆ, ಅತ್ತೆ ನಂಬುತ್ತಾಳೆ, ಮಂದಿರವೆಲ್ಲ ಕುಣಿಯುತ್ತದೆ. ಈ ಮುದುಕಿಯ ಮುಖದ ಬೆಳಕು ಹಾಗೆಯೇ ಉಳಿಯುತ್ತದೆ. ಬೇಡಿದ್ದೆಲ್ಲ ಅಂಗಳಕ್ಕೆ ಬಂದು ಕೂತಿತ್ತು. ಒಳಗೆ ಕರೆದುಕೊಳ್ಳಬೇಕಾಗಿತ್ತು, ಅಷ್ಟೇ.

ಬೆರಳು ಕದಲಿಸಿದರೆ ಹುಳಿ ವಾಸನೆ ಏಳುತ್ತಿತ್ತು. ನೆನೆದ ಹುಲ್ಲನ್ನು ಒಣಗಿಸದೆ ಬಿಗಿದು ಒಟ್ಟಿದರೆ ಬರುವ ವಾಸನೆ. ಕಾಲುವೆ ಸೀಮೆಯಲ್ಲಿ ಬಣವೆ ಒಟ್ಟುವ ಹೆಂಗಸರಿಗೆಲ್ಲ ಅದು ಗೊತ್ತು. ಒಣಭೂಮಿಯಲ್ಲಿ ಹುಟ್ಟಿ, ಗಲಗಲ ಒಣಗಿದ ಕಣಕಿಯನ್ನಷ್ಟೇ ಕಟ್ಟಿ ಬಲ್ಲ ಅಕ್ಕ ತಮ್ಮಂದಿರಿಗೆ ಗೊತ್ತಿರಲಿಲ್ಲ. ಗಾಳೆಮ್ಮ ಕೈ ಹೊರಗೆ ತೆಗೆಯಲಿಲ್ಲ. ಕರ್ತನೇ, ಎಂದಳು ಮನಸ್ಸಿನಲ್ಲಿ. ಈ ಸಲ ಏನನ್ನೂ ಬೇಡಲಿಲ್ಲ. ಬಿದ್ದುಹೋಗುವಾಗ ಕೈಗೆ ಸಿಕ್ಕ ಗೋಡೆಯನ್ನು ಹಿಡಿಯುವವರ ಹಾಗೆ ಆ ಹೆಸರನ್ನು ಹಿಡಿದುಕೊಂಡಳು, ಗೋಡೆ ಗಟ್ಟಿಯಾಗಿತ್ತು.

"ಅತ್ತಿ, ಇದು ಹುಲ್ಲುರೀ," ಎಂದಳು. "ಮಳ್ಯಾಗ ತೊಯ್ದ ಹುಲ್ಲು. ತೊಯ್ದದ್ದನ್ನ ಬಿಗಿದು ಕಟ್ಟಿದ್ರ ಒಳಗ ಕಾವು ಏಳತೈತಿ. ದಿನಾ ಬಣವಿ ಒಟ್ಟಾಕಿ ನಾನು, ನನಗ ಗೊತ್ತೈತಿ."

ಕಸ್ತೂರೆಮ್ಮ ನಗುತ್ತಲೇ ಇದ್ದಳು. ಮಾತು ಅವಳಿಗೆ ಮುಟ್ಟಿರಲಿಲ್ಲ.

"ಅವ್ರು ಸತ್ತಾರ್ರಿ ಅತ್ತಿ. ನಿಮ್ಮ ಮಗ ಸತ್ತಾನ. ನಾ ಬಂದಾರ ಅಂತ ಹೇಳಿದ್ದು... ಬರ್ಲಿ ಅನ್ನೂ ಆಸೀಗೆ ಹೇಳಿದ್ದು. ಬಂದಿಲ್ಲ."

ಏಟು ಕೆನ್ನೆಗೆ ಬಿದ್ದದ್ದು ಓಣಿಯ ಕೊನೆಯವರೆಗೆ ಕೇಳಿಸಿರಬೇಕು. "ದಿನಾ ತಾಟು ಇಟ್ಟಾಕಿ ನೀನ! ಕರದಾಕಿ ನೀನ! ಈಗ ಬಂದ್ರ ಸತ್ತಾನ ಅಂತೀಯೇನ ರಂಡೆ?" ಇನ್ನೊಮ್ಮೆ ಎತ್ತಿದ ಕೈ ಹಾಗೆಯೇ ನಿಂತಿತು. ಕಸ್ತೂರೆಮ್ಮ ಸೊಸೆಯ ಕೆನ್ನೆಯ ಮೇಲೆ ಮೂಡುತ್ತಿದ್ದ ಬೆರಳಿನ ಗುರುತುಗಳನ್ನು ನೋಡಿದಳು, ತೊಡೆಯ ಮೇಲಿನದನ್ನು ನೋಡಿದಳು. ಅದರ ತೋಳಿನಿಂದ ಒಂದು ಎಳೆ ಹುಲ್ಲನ್ನು ಮೆಲ್ಲಗೆ ಎಳೆದು ಮೂಸಿದಳು. ಆಮೇಲೆ ಅವಳ ಬಾಯಿಂದ ಬಂದ ಸದ್ದಿಗೆ ಕಳಕಪ್ಪ ಮರದ ಕಡೆ ತಿರುಗಿ ನಿಂತ. ಚಪ್ಪಲಿ ಸಿಕ್ಕ ದಿನ ಕೂಡ ಅವಳು ಹಾಗೆ ಅತ್ತಿರಲಿಲ್ಲ.

ಬಿಸಿಲೇರಿದ ಮೇಲೆ ಅವರು ಕ್ಯಾಂಪಿನ ಆಚೆಯ ದಿನ್ನೆಗೆ ಹೊರಟರು. ಖಲಂದರನೂ ಅಂಗಡಿ ಮುಚ್ಚಿ ಬಂದ. ಹೊರುವುದಕ್ಕೆ ಕಳಕಪ್ಪ ಮುಂದಾದಾಗ ಗಾಳೆಮ್ಮ ಬೇಡವೆಂದಳು. ಹೆಂಗಸರು ಹೊರುವ ಪದ್ಧತಿ ಅವರ ಕಡೆಯಲ್ಲೂ ಇರಲಿಲ್ಲ, ಮಂದಿರದಲ್ಲೂ ಇರಲಿಲ್ಲ. ಹಾಲೇಶ ಹುಲ್ಲಿನ ಮೈಯನ್ನು ಎತ್ತಿ ಅವಳ ಹೆಗಲಿಗೆ ಕೊಟ್ಟ. ಅದು ಅವಳು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಟವೆಲು ಸುತ್ತಿದ ತಲೆ ಅವಳ ಕಿವಿಯ ಹತ್ತಿರ ವಾಲಿತ್ತು. ಕೊಯ್ದ ಗದ್ದೆಗಳ ಕೂಳೆ ತುಳಿಯುತ್ತ ನಡೆಯುವಾಗ ಆ ಕಾವು ರವಿಕೆ ದಾಟಿ ಅವಳ ಮೈಗೆ ತಟ್ಟುತ್ತಿತ್ತು. ಒಮ್ಮೆ ಮಾತ್ರ, ಬದುವಿನ ಮೇಲೆ ಕಾಲು ಜಾರಿದಾಗ, ಕಿವಿಯ ಬಳಿ ಯಾರೋ ನಕ್ಕಂತಾಯಿತು. ಗಾಳೆಮ್ಮ ನಿಲ್ಲಲಿಲ್ಲ. ನಗಲಿ, ಅವನ ನಗುವೇ ಆಗಿದ್ದರೆ ಅದಕ್ಕೆ ಯಾಕೆ ಹೆದರಬೇಕು ಎಂದುಕೊಂಡು ಹಿಡಿತ ಬಿಗಿ ಮಾಡಿ ನಡೆದಳು.

ಗುಂಡಿಯನ್ನು ಕಳಕಪ್ಪ ಮತ್ತು ಖಲಂದರ ತೋಡಿದ್ದರು. ಕಳಕಪ್ಪ ಭಂಡಾರದ ಅರಿಷಿಣ ಎರಚಿ ತನಗೆ ತಿಳಿದಷ್ಟು ಶಾಸ್ತ್ರ ಮಾಡಿದ. ಆಮೇಲೆ ಹಾಲೇಶನ ಮುಖ ನೋಡಿದ. ಹಾಲೇಶ ಗಾಳೆಮ್ಮನ ಮುಖ ನೋಡಿದ. ಅವಳು ಗುಂಡಿಗೆ ಇಳಿದು, ನಾಗೇಶನ ಅಂಗಿಯ ಕಾಲರು ಸರಿಮಾಡಿ, ಬಿಚ್ಚಿಕೊಂಡಿದ್ದ ಒಂದು ಬಟನ್ ಹಾಕಿದಳು.

"ಯೇಸಪ್ಪಾ, ಇವ್ರನ್ನ ನಿನ್ನ ಹಂತ್ಯಾಕ ಇಟ್ಕೊ," ಎಂದಳು. "ಉಳ್ಳಾಗಡ್ಡಿ ಇಲ್ಲಂದ್ರ ಉಣ್ಣಂಗಿಲ್ಲ."

ಹಾಲೇಶ ಆಮೆನ್ ಎಂದ. ಯಾಕೆಂದು ಗೊತ್ತಿಲ್ಲ, ಕಳಕಪ್ಪನೂ ಎಂದ.

ಮಣ್ಣು ಮುಚ್ಚಿದ ಮೇಲೆ ಗಂಡಸರು ಸನಿಕೆ ಗುದ್ದಲಿ ಎತ್ತಿಕೊಂಡು ಹೊರಟರು. ಕಸ್ತೂರೆಮ್ಮ ಏಳಲಿಲ್ಲ. ಹಸಿ ಮಣ್ಣಿನ ದಿಬ್ಬದ ಪಕ್ಕ ಕಾಲು ಚಾಚಿ ಕೂತು, ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಗಾಳೆಮ್ಮ ಕರೆಯಲಿಲ್ಲ. ಅವಳೂ ಪಕ್ಕದಲ್ಲಿ ಕೂತಳು.

ಬಹಳ ಹೊತ್ತಾದ ಮೇಲೆ ಕಸ್ತೂರೆಮ್ಮ, ತನಗೆ ತಾನೇ ಹೇಳಿಕೊಂಡಂತೆ, "ಇನ್ನೂ ಬೆಚ್ಚಗೈತಿ," ಎಂದಳು.

ಗಾಳೆಮ್ಮ ಅತ್ತೆಯ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಬಿಸಿಲು ಬಿದ್ದ ಮಣ್ಣು ಅದು.

"ಹೌದ್ರಿ ಅತ್ತಿ," ಎಂದಳು. "ಐತಿ."

ಇಬ್ಬರೂ ಕೈ ತೆಗೆಯಲಿಲ್ಲ. ಸಂಜೆಯ ನೆರಳು ಗದ್ದೆ ದಾಟಿ ಬಂತು, ಅವರ ಕಾಲ ಮೇಲೆ ಹತ್ತಿತು, ಮಣ್ಣು ತಣ್ಣಗಾಗುವವರೆಗೆ ಅವರು ಹಾಗೆಯೇ ಕೂತಿದ್ದರು.